ಯಾಸ್ನಾ ಬರೆದ ಧನ್ಯವಾದ

ನನ್ನ ತಮ್ಮನ ಹೆಂಡತಿ ಯಾಸ್ನಾಳನ್ನು ದಡ್ಡಿ ಎನ್ನುವವರು ನಮ್ಮ ಊರಿನಲ್ಲಿ ಇನ್ನೂ ಇದ್ದಾರೆ. ಬ್ರೆಡ್ಡಿನ ಅಂಗಡಿಯ ಸಾಲಿನಲ್ಲಿ ನಿಂತು ಪಿಸುಗುಟ್ಟುತ್ತಾರೆ. ನಾನು ಹೋದರೆ ಮಾತು ನುಂಗುತ್ತಾರೆ, ಏಕೆಂದರೆ ಊರಿನ ಅರ್ಧ ಜನರ ಬಟ್ಟೆ ಹೊಲಿಯುವವಳು ನಾನು. ಯಾರ ಸೊಂಟ ಎಷ್ಟು ಬೆಳೆದಿದೆ ಎಂಬ ಗುಟ್ಟೆಲ್ಲ ನನ್ನ ಟೇಪಿಗೆ ಗೊತ್ತು. ಆದರೆ ನನ್ನ ಬೆನ್ನ ಹಿಂದೆ ಆಡುವ ಮಾತಿಗೆ ಉತ್ತರ ಕೊಡಬೇಕಲ್ಲ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಯಾಸ್ನಾ ಕೆಳಗಿನ ಪೇಟೆಯ ಹುಡುಗಿ. ನಮ್ಮ ಕಡೆ ಬೇಸಿಗೆ ಎಂದರೆ ನವೆಂಬರ್‌ನಿಂದ ಫೆಬ್ರವರಿ, ಆ ನಾಲ್ಕು ತಿಂಗಳು ಹಣ್ಣಿನ ಕಾರ್ಖಾನೆಯಲ್ಲಿ ಕೆಲಸ. ಓಡುವ ಪಟ್ಟಿಯ ಮೇಲೆ ರಾಸ್‌ಬೆರಿ ಬರುತ್ತಿರುತ್ತದೆ, ಕೊಳೆತದ್ದನ್ನು ಆರಿಸಿ ತೆಗೆಯಬೇಕು. ಒಳಗೆ ಚಳಿ, ಹೊರಗೆ ಬೆಂಕಿಯಂಥ ಬಿಸಿಲು. ಅಲ್ಲಿ ಯಾರಿಗೂ ಹೆಸರಿಲ್ಲ, ಬೆನ್ನಿನ ಮೇಲೆ ನಂಬರು. "ಇನ್ನೂರ ಹದಿನಾಲ್ಕು, ಕೈ ಬೇಗ ಬೇಗ ಆಡ್ಲಿ!" ಎಂದು ಮೇಲ್ವಿಚಾರಕಿ ಕೂಗಿದರೆ ಅದು ಯಾಸ್ನಾ. ನನ್ನ ತಮ್ಮ ನಿಬಾಲ್ಡೊ ಅದೇ ಕಾರ್ಖಾನೆಗೆ ಹಣ್ಣಿನ ಪೆಟ್ಟಿಗೆ ಸಾಗಿಸುವ ಲಾರಿ ಓಡಿಸುತ್ತಾನೆ. ಪೆಟ್ಟಿಗೆ ಇಳಿಸುತ್ತ ಇಳಿಸುತ್ತ ಇನ್ನೂರ ಹದಿನಾಲ್ಕರ ನಿಜವಾದ ಹೆಸರು ಕೇಳಿದ. ಆರು ತಿಂಗಳಲ್ಲಿ ಮದುವೆಯಾಯಿತು.

ವಾರಕ್ಕೊಂದೇ ರಜೆ, ಭಾನುವಾರ. ಮದುವೆಯಾದ ಮೊದಲ ಬೇಸಿಗೆಯಲ್ಲಿ ಇಬ್ಬರೂ ಶನಿವಾರ ಸಂಜೆ ಬೈಕ್ ಹತ್ತಿ ಬೆಟ್ಟಕ್ಕೆ ಹೋಗಿಬಿಡುತ್ತಿದ್ದರು. ಬೆನ್ನಿಗೆ ಒಂದು ಪುಟ್ಟ ಡೇರೆ, ಒಂದು ಬಾಣಲೆ, ಒಂದು ಕಲ್ಲಂಗಡಿ. ಹೋಗುತ್ತಿದ್ದುದು ನದಿಯ ಪೆರಾಲ್ ತಿರುವಿಗೆ. ಹಿಮ ಕರಗಿದ ನೀರು ಬಂಡೆಗಳ ನಡುವೆ ಹಾದು ಅಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುತ್ತದೆ, ದಡದಲ್ಲಿ ದೊಡ್ಡ ವಿಲೋ ಮರಗಳು. ಭಾನುವಾರ ಸಂಜೆ ಮೂಗು ಸುಟ್ಟುಕೊಂಡು, ಕೂದಲ ತುಂಬ ಹೊಗೆಯ ವಾಸನೆ ತುಂಬಿಕೊಂಡು ನಗುತ್ತ ಬರುತ್ತಿದ್ದರು. ಅದನ್ನು ನೋಡಿ ನಮ್ಮಮ್ಮ ಹೆರ್ಮಿಂದಾಗೆ ಮೈ ಉರಿಯುತ್ತಿತ್ತು.

"ಇಬ್ಬರೇ ಹೋಗಿ ಆ ಬೆಟ್ಟದಲ್ಲಿ ಏನ್ ಮಾಡ್ತಾರಂತೆ?"

"ಅಮ್ಮಾ, ಆರು ಹೆತ್ತೋಳು ನೀನು. ಮದುವೆನೇ ಆಗದೋಳನ್ನ ಕೇಳ್ತೀಯಲ್ಲ!"

"ಬಾಯ್ ಮುಚ್ಚೇ. ಬೆಟ್ಟಕ್ಕೆ ಹೋಗೋದು ಅಂದ್ರೆ ಮನೆಮಂದಿ ಎಲ್ಲ ಹೋಗೋದು. ಇದೇನ್ ಕದ್ದು ಹೋಗೋದು?"

ಎರಡನೇ ಬೇಸಿಗೆಯಲ್ಲಿ ಅಮ್ಮ ತಾನೂ ಬರುತ್ತೇನೆಂದಳು. ಬೈಕ್ ಹೋಗಿ ಲಾರಿ ಬಂತು. ಮೂರನೆಯದರಲ್ಲಿ ನಾವು ಅಕ್ಕತಂಗಿಯರು, ಅವರ ಗಂಡಂದಿರು, ಮಕ್ಕಳು, ಸೋದರತ್ತೆ, ಸೋದರತ್ತೆಯ ನಾಯಿ, ಸಾರಿಗೆ ಬೇಕೆಂದು ಕಾಲು ಕಟ್ಟಿದ ಎರಡು ಜೀವಂತ ಕೋಳಿ, ಒಟ್ಟು ಇಪ್ಪತ್ತೆರಡು ಜನ. ಜೊತೆಗೆ ಯಾಸ್ನಾಳ ತೋಳಿನಲ್ಲಿ ನಾಲ್ಕು ತಿಂಗಳ ಮಗಳು ಇಸಿದೋರಾ. ಗಂಡ ಹೆಂಡತಿ ಇಬ್ಬರೇ ಮಲಗುತ್ತಿದ್ದ ಡೇರೆಯಲ್ಲಿ ಈಗ ಬ್ರೆಡ್ಡು, ಈರುಳ್ಳಿ ಮಲಗಿದವು. ನಾನಾಗಿದ್ದರೆ ಮುಖ ಗಂಟಿಕ್ಕಿಕೊಳ್ಳುತ್ತಿದ್ದೆ. ಯಾಸ್ನಾ ನಕ್ಕಳು. ಅಪ್ಪನನ್ನು ಕಾಣದೆ, ಒಬ್ಬಳೇ ಮಗಳಾಗಿ ಬೆಳೆದವಳು. ಇಪ್ಪತ್ತೆರಡು ತಟ್ಟೆ ಎಣಿಸಿ ಇಡುವುದೇ ಅವಳಿಗೆ ಹಬ್ಬ.

ಅಲ್ಲಿಂದ ನಮ್ಮ ಮನೆಗೆ ಜಾಗ ಹಿಡಿಯುವ ಕೆಲಸ ಅವಳದಾಯಿತು. ನದಿಯಲ್ಲಿ ಒಂದು ಕಟ್ಟಳೆ ಇದೆ: ಬೆಳಗ್ಗೆ ಯಾರ ಕಂಬಳಿ ಮೊದಲು ಮರದಡಿ ಹಾಸಿದೆಯೋ ಆ ನೆರಳು ಅವತ್ತಿಗೆ ಅವರದು. ಕಂಬಳಿಯ ಮೇಲೆ ಯಾರೂ ಕೂತಿಲ್ಲದಿದ್ದರೂ ಯಾರೂ ಮುಟ್ಟುವುದಿಲ್ಲ. ನಾವೆಲ್ಲ ಲಾರಿಯಲ್ಲಿ ಹತ್ತು ಗಂಟೆಗೆ ಏಳುತ್ತ ಬೀಳುತ್ತ ಬರುವವರು. ಯಾಸ್ನಾ ಮತ್ತು ನಿಬಾಲ್ಡೊನ ಹಳೆಯ ಬೈಕು ಸೂರ್ಯ ಮೂಡುವ ಮೊದಲೇ ಅಲ್ಲಿರುತ್ತಿತ್ತು. ಅವನು ಅವಳನ್ನು ಇಳಿಸಿ ಲಾರಿ ತರಲು ವಾಪಸಾಗುತ್ತಿದ್ದ. ನಾವು ತಲುಪುವ ಹೊತ್ತಿಗೆ ಕಲ್ಲಂಗಡಿ ನದಿಯಲ್ಲಿ ಕಲ್ಲುಗಳ ಬೇಲಿಯೊಳಗೆ ತಣ್ಣಗಾಗುತ್ತಿರುತ್ತಿತ್ತು, ಬೂದಿಯೊಳಗೆ ಹೂತಿಟ್ಟ ರೊಟ್ಟಿ ಬೆಂದಿರುತ್ತಿತ್ತು. ಬೂದಿ ಕೆರೆದು ಬಿಸಿ ರೊಟ್ಟಿ ಮುರಿದು ಸಾಸೇಜಿನ ಜೊತೆ ಕೊಡುವಳು. ಮಧ್ಯಾಹ್ನ ಹುರಿಹಿಟ್ಟು ಉದುರಿಸಿದ ಕಲ್ಲಂಗಡಿ. ಅಮ್ಮ ರೊಟ್ಟಿಯ ಎರಡನೇ ಚೂರಿಗೆ ಕೈ ಚಾಚುತ್ತ, "ರೊಟ್ಟಿಗೆ ಉಪ್ಪು ಒಂಚೂರು ಕಮ್ಮಿ" ಎನ್ನುವಳು. ಅದು ಅವಳ ಮೆಚ್ಚುಗೆ.

ಆ ತಿರುವಿಗೆ ಹೋಗುವ ಮಣ್ಣಿನ ದಾರಿ ಒಂದು ಜಮೀನಿನ ನಡುವೆ ಹಾದು ಹೋಗುತ್ತದೆ. ನಮ್ಮಜ್ಜ ಹೇಸರಗತ್ತೆ ಹೊಡೆದುಕೊಂಡು ಹೋದದ್ದೂ ಅದೇ ದಾರಿಯಲ್ಲಿ. ನದಿ ಯಾರಪ್ಪನದೂ ಅಲ್ಲ, ಕಾನೂನೂ ಹಾಗೇ ಹೇಳುತ್ತದೆ. ಹಳೆಯ ಜಮೀನ್ದಾರ ದನ ಹೊರಗೆ ಹೋಗದಂತೆ ಒಂದು ತಂತಿ ಕಟ್ಟಿದ್ದ. ತಂತಿ ಬಿಚ್ಚಿ, ಹಾದು, ಮತ್ತೆ ಕಟ್ಟಿದರೆ ಮುಗಿಯಿತು. ಅವನು ಸತ್ತ ಮೇಲೆ ಮಕ್ಕಳು ಜಮೀನನ್ನು ರಾಜಧಾನಿ ಸ್ಯಾಂಟಿಯಾಗೊದ ಒಂದು ಕಂಪನಿಗೆ ಮಾರಿದರು. ಕಂಪನಿ ಅದನ್ನು ತುಂಡು ತುಂಡು ಮಾಡಿ, ವಾರಾಂತ್ಯದ ಮನೆ ಕಟ್ಟಿಕೊಳ್ಳಿ ಎಂದು ಶ್ರೀಮಂತರಿಗೆ ಮಾರಲು ಹೊರಟಿತು. ಜಾಹೀರಾತಿನಲ್ಲಿ ಹಾಕಿದ್ದು ಯಾವ ಚಿತ್ರ ಗೊತ್ತೇ? ನಮ್ಮ ತಿರುವು, ನಮ್ಮ ಮರಗಳು. ನಮ್ಮನ್ನು ಮಾತ್ರ ಚಿತ್ರದಿಂದ ಅಳಿಸಿದ್ದರು.

ಆ ಮೂರನೇ ಬೇಸಿಗೆಯಲ್ಲೇ ತಂತಿಯ ಜಾಗಕ್ಕೆ ಕಬ್ಬಿಣದ ಗೇಟು ಬಂತು. ಕಾವಲಿಗೆ ತೋಲೊ. ನನ್ನ ತಮ್ಮನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವನು, ಕೆಟ್ಟವನಲ್ಲ. ಅವನ ಕೈಯಲ್ಲೊಂದು ದಪ್ಪ ಪುಸ್ತಕ.

ಮೊದಲ ದಿನ ಬೆಳಗ್ಗೆ ನಡೆದದ್ದನ್ನು ಯಾಸ್ನಾ ನನಗೆ ಎಷ್ಟೋ ಸಲ ಹೇಳಿದ್ದಾಳೆ. ತೋಲೊ ಟೋಪಿ ತೆಗೆದನಂತೆ.

"ನಮಸ್ಕಾರ ಮೇಡಂ. ಇಲ್ಲೊಂದು ಸಹಿ ಹಾಕ್ಬಿಡಿ."

"ಯಾಕಪ್ಪಾ?"

"ಕಾಡ್ಗಿಚ್ಚು ಗಿಚ್ಚು ಆದ್ರೆ ಒಳಗೆ ಎಷ್ಟ್ ಜನ ಇದಾರೆ ಅಂತ ಗೊತ್ತಿರ್ಲಿ ಅಂತೆ. ಅಷ್ಟೇ. ಪೂರ್ತಿ ಹೆಸರು ಬರೀರಿ, ಅಪ್ಪನ ಮನೆ ಹೆಸರು, ಅಮ್ಮನ ಮನೆ ಹೆಸರು ಎರಡೂ ಸೇರಿಸಿ."

ಪೂರ್ತಿ ಹೆಸರು! ವಾರದ ಆರು ದಿನ ಇನ್ನೂರ ಹದಿನಾಲ್ಕಾಗಿದ್ದವಳಿಗೆ ಒಬ್ಬ ಟೋಪಿ ತೆಗೆದು, ಮೇಡಂ ಎಂದು, ಪೂರ್ತಿ ಹೆಸರು ಕೇಳಿದ. ಅವಳ ಅಕ್ಷರ ಮುತ್ತು ಪೋಣಿಸಿದ ಹಾಗೆ. ಎಂಟನೇ ಇಯತ್ತೆಗೆ ಶಾಲೆ ಬಿಟ್ಟ ಮೇಲೆ ಆ ಅಕ್ಷರಕ್ಕೆ ಕೆಲಸವೇ ಇರಲಿಲ್ಲ. ಹೆಸರು ಬರೆದಳು, ಜನ ಇಪ್ಪತ್ತೆರಡು ಎಂದು ಬರೆದಳು. ಕೊನೆಯಲ್ಲಿ "ಷರಾ" ಎಂದು ಒಂದು ಖಾಲಿ ಜಾಗ ಇತ್ತು. ಖಾಲಿ ಬಿಡುವುದು ಮರ್ಯಾದೆಯಲ್ಲ ಎನಿಸಿ ಅಲ್ಲಿ ಬರೆದಳು: "ಒಳಗೆ ಹೋಗಲು ಬಿಟ್ಟಿದ್ದಕ್ಕೆ ತುಂಬಾ ಧನ್ಯವಾದಗಳು."

ನಗಬೇಡಿ. ನಮ್ಮ ಜನವೇ ಹಾಗೆ. ನಾವು ಯಾರ ಮುಂದೆಯೂ ಕೇಳದೆ ದಾಟುವುದಿಲ್ಲ. ಬಸ್ಸಿನಲ್ಲಿ ಕೂತವನ ಮೊಣಕಾಲ ಮುಂದೆ ಹೋಗುವಾಗ "ಹೋಗ್ಲಾ?" ಎನ್ನುತ್ತೇವೆ. ಸ್ವಂತ ಮನೆಯಲ್ಲಿ, ಸ್ವಂತ ಅಡುಗೆಮನೆಗೆ ಕಾಲಿಡುವಾಗಲೂ ಒಲೆಯ ಮುಂದೆ ಯಾರಾದರೂ ಇದ್ದರೆ "ಬರ್ಲಾ?" ಎಂದು ಕೇಳಿಯೇ ಒಳಗೆ ಹೋಗುತ್ತೇವೆ. ಸಾವಿನ ಮನೆಯಲ್ಲಿ ಶವಪೆಟ್ಟಿಗೆಯ ಮುಂದೆ ದಾಟಬೇಕಾದಾಗ ನಮ್ಮಮ್ಮ ಸತ್ತವನನ್ನೂ ಕೇಳಿದ್ದನ್ನು ನಾನೇ ಕಂಡಿದ್ದೇನೆ. ಸತ್ತವನು ಬೇಡ ಎನ್ನುತ್ತಾನೆಯೇ? ಇಲ್ಲ. ಆದರೂ ಕೇಳಬೇಕು. ಕೇಳುವುದೆಂದರೆ ನೀನೂ ಒಬ್ಬ ಇದ್ದೀಯ, ನಾನು ನಿನ್ನನ್ನು ನೋಡಿದೆ ಎಂದು ಹೇಳುವುದು.

ಮೂರು ಬೇಸಿಗೆ ಹೀಗೇ ಹೋಯಿತು. ಎಲ್ಲ ಮನೆಯವರೂ ಸಹಿ ಹಾಕಿದರು, ನಾನೂ ಎರಡು ಸಲ ಹಾಕಿದ್ದೇನೆ. ಆದರೆ ಪ್ರತಿ ಭಾನುವಾರ ಮೊದಲು ಬರುವವಳು ಯಾಸ್ನಾ, ಆದ್ದರಿಂದ ಪ್ರತಿ ಹಾಳೆಯ ಮೊದಲ ಸಾಲು ಅವಳದು. ಪ್ರತಿ ಸಾಲಿನ ಕೊನೆಗೂ ಅದೇ ಧನ್ಯವಾದ. ಸಂಜೆ ಹಿಂದಿರುಗುವಾಗ ತೋಲೊಗೆ ಬೂದಿರೊಟ್ಟಿಯೊಂದನ್ನು ಬಟ್ಟೆಯಲ್ಲಿ ಸುತ್ತಿ ಕೊಟ್ಟು ಬರುತ್ತಿದ್ದಳು. ಹಾಳೆಯ ತಲೆಯಲ್ಲಿ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಏನೋ ಅಚ್ಚಾಗಿತ್ತು. ಅದನ್ನು ಓದಿದವರು ನಮ್ಮಲ್ಲಿ ಯಾರೂ ಇಲ್ಲ.

ಆರನೇ ಬೇಸಿಗೆಯ ಜನವರಿಯಲ್ಲಿ ಯಾಸ್ನಾ ಹೋದಾಗ ಗೇಟಿಗೆ ಬೀಗ. ಖಾಸಗಿ ಜಾಗ, ಪ್ರವೇಶವಿಲ್ಲ ಎಂಬ ಹಲಗೆ. ತೋಲೊ ಅವಳ ಮುಖ ನೋಡಲಿಲ್ಲವಂತೆ. "ಮೇಲಿನೋರು ಹೇಳಿದಾರೆ ಮೇಡಂ, ನಾನೇನ್ ಮಾಡ್ಲಿ" ಎಂದು ಗೇಟಿನ ಆ ಕಡೆಯಿಂದಲೇ ಹೇಳಿದನಂತೆ. ಒಂದು ವಾರದಲ್ಲಿ ಊರು ಸಿಟ್ಟಿಗೆದ್ದಿತು. ಅರ್ಜಿ ಬರೆದೆವು, ಮುನ್ನೂರು ಜನ ಬೆರಳೊತ್ತಿದೆವು. ಕೊನೆಗೆ ಒಬ್ಬ ಅಧಿಕಾರಿ ವಿಚಾರಣೆಗೆ ಬಂದ. ಆ ದಾರಿ ಸಾರ್ವಜನಿಕರದೋ ಅಲ್ಲವೋ ಎಂದು ಅವನು ತೀರ್ಮಾನ ಕೊಡಬೇಕಿತ್ತು. ದಾರಿ ಹೋದರೆ ನದಿ ಹೋಯಿತು, ಬೇರೆ ಕಡೆಯೆಲ್ಲ ನೇರ ಕಡಿದಾದ ಬಂಡೆ.

ವಿಚಾರಣೆ ನಡೆದದ್ದು ಶಾಲೆಯ ಹಾಲ್‌ನಲ್ಲಿ. ಯಾಸ್ನಾ ತನ್ನ ಮದುವೆಯ ನೀಲಿ ಲಂಗ ಹಾಕಿಕೊಂಡು ಬಂದಿದ್ದಳು. ಊರಿನ ಪರವಾಗಿ ಮಾತಾಡಬೇಕಾದವರಲ್ಲಿ ಅವಳೂ ಒಬ್ಬಳು, ನಾವೇ ಒತ್ತಾಯ ಮಾಡಿದ್ದೆವು. ಅತಿ ಹೆಚ್ಚು ಸಲ ಆ ದಾರಿಯಲ್ಲಿ ನಡೆದವಳು ಅವಳೇ ತಾನೆ. ಮುಂದೆ ಹೋಗಲು ಕಂಪನಿಯ ವಕೀಲನ ಕುರ್ಚಿ ದಾಟಬೇಕಿತ್ತು. "ಸ್ವಲ್ಪ ಹೋಗ್ಲಾ ಸರ್?" ಎಂದಳು. ಅವನು ನಗುನಗುತ್ತ ಕಾಲು ಹಿಂದಕ್ಕೆ ಎಳೆದುಕೊಂಡ. ಆಮೇಲೆ ಎದ್ದು ನಿಂತು ಆ ದಪ್ಪ ಪುಸ್ತಕವನ್ನು ಅವಳ ಮುಂದಿಟ್ಟ.

"ಅಕ್ಷರ ನಿಮ್ಮದೇ ತಾನೆ ಮೇಡಂ?"

"ಹೌದು ಸರ್."

"ಎಷ್ಟು ಚೆನ್ನಾಗಿದೆ! ಮೇಲೆ ಅಚ್ಚಾಗಿರೋದನ್ನ ಸ್ವಲ್ಪ ಜೋರಾಗಿ ಓದಿ."

ಅವಳು ಓದಿದಳು. "ಈ ದಾರಿ ಖಾಸಗಿ ಸ್ವತ್ತು. ಮಾಲೀಕರ ಅನುಮತಿಯ ಮೇರೆಗೆ ಮಾತ್ರ ಪ್ರವೇಶಿಸುತ್ತಿದ್ದೇನೆ ಎಂದು ಸಹಿ ಮಾಡಿದವರು ಒಪ್ಪುತ್ತಾರೆ." ಓದುತ್ತ ಓದುತ್ತ ಧ್ವನಿ ಇಳಿಯಿತು.

"ಇನ್ನು ಕೊನೇಲಿ ನೀವು ಬರ್ದಿರೋದು?"

ಅವಳು ಪುಸ್ತಕವನ್ನು ಅವನ ಕಡೆಗೇ ಸರಿಸಿದಳು. ವಕೀಲನೇ ಓದಿದ. ಒಂದು ಹಾಳೆ ತಿರುವಿದ, ಓದಿದ. ಮತ್ತೊಂದು ತಿರುವಿದ, ಓದಿದ. ಒಳಗೆ ಹೋಗಲು ಬಿಟ್ಟಿದ್ದಕ್ಕೆ ತುಂಬಾ ಧನ್ಯವಾದಗಳು. ಒಳಗೆ ಹೋಗಲು ಬಿಟ್ಟಿದ್ದಕ್ಕೆ ತುಂಬಾ ಧನ್ಯವಾದಗಳು. ಮೂವತ್ತೆಂಟು ಸಲ ಬರೆದಿದ್ದಳಂತೆ, ಅವನು ಎಣಿಸಿಕೊಂಡು ಬಂದಿದ್ದ. "ಸ್ವಂತ ದಾರಿಯಲ್ಲಿ ನಡೆಯುವವರು ಯಾರಿಗಾದರೂ ಧನ್ಯವಾದ ಹೇಳುತ್ತಾರೆಯೇ?" ಎಂದು ಅಧಿಕಾರಿಯ ಕಡೆ ತಿರುಗಿ ಕೇಳಿದ.

ಮೆತ್ತಗಿದ್ದವರನ್ನು ಕಂಡರೆ ಮತ್ತೊಂದು ಗುದ್ದು ಎಂಬ ಮಾತನ್ನು ಅವತ್ತು ಕಣ್ಣಾರೆ ಕಂಡೆ. ಹೆಣ್ಣುಮಗಳೊಬ್ಬಳು ಒಳ್ಳೆಯತನದಿಂದ ಬರೆದದ್ದನ್ನು ಕೂಡಿಸಿ ಕೂಡಿಸಿ ಅವಳ ಕತ್ತಿಗೇ ಹಗ್ಗ ಹೊಸೆದಿದ್ದರು. ನಾನು ಏಳುವಷ್ಟರಲ್ಲಿ ಹಿಂದಿನ ಸಾಲಿನಿಂದ ಅಮ್ಮನ ಗಂಟಲು ಕೇಳಿತು.

"ಏಯ್ ವಕೀಲಪ್ಪಾ! ಈಗ ನಿನ್ನ ಕಾಲ್ ಮುಂದೆ ದಾಟುವಾಗ್ಲೂ ಕೇಳೇ ದಾಟಿದ್ಲು ನನ್ನ ಸೊಸೆ. ಹಂಗಂತ ಈ ಸ್ಕೂಲ್ ನಿಮ್ಮಪ್ಪಂದಾಯ್ತೇನೋ?"

ಹಾಲ್ ಹಾರಿಹೋಗುವಂತೆ ಜನ ಕೂಗಿದರು. ಅಮ್ಮ ಜೀವಮಾನದಲ್ಲಿ ಸೊಸೆಯ ಪರವಾಗಿ ಆಡಿದ ಮೊದಲ ಮಾತು ಅದು. ಅಧಿಕಾರಿ ಮೇಜು ಕುಟ್ಟಿದ. "ಕೂತ್ಕೊಳ್ಳಿ ಅಜ್ಜಿ, ಇಲ್ಲಾಂದ್ರೆ ಹೊರಗೆ ಹೋಗ್ಬೇಕಾಗತ್ತೆ." ಬರೆದುಕೊಳ್ಳುತ್ತಿದ್ದ ಗುಮಾಸ್ತನಿಗೆ, "ಅದನ್ನ ಬರ್ಕೋಬೇಡಿ" ಎಂದ. ಹೀಗಾಯಿತು. ಯಾಸ್ನಾಳ ಮೂವತ್ತೆಂಟು ಧನ್ಯವಾದಗಳು ದಾಖಲೆಗೆ ಸೇರಿದವು, ಅಮ್ಮನ ಒಂದು ಪ್ರಶ್ನೆ ಸೇರಲಿಲ್ಲ.

ಹೊರಗೆ ಬಂದ ಮೇಲೆ ನಮ್ಮವರೇ ಶುರು ಮಾಡಿದರು. ನೆರೆಮನೆಯ ರೊಸೆಂದೊ, ಆ ಪುಸ್ತಕದಲ್ಲಿ ತಾನೂ ಹದಿನೈದು ಸಲ ಸಹಿ ಹಾಕಿದವನು, ಎಲ್ಲರಿಗೂ ಕೇಳುವಂತೆ ಹೇಳಿದ: "ಸಹಿ ಹಾಕೋದು ಬೇರೆ, ಕವಿತೆ ಬರಿಯೋದು ಬೇರೆ. ಇವಳು ನಮ್ಮ ನದೀನ ಬರ್ದು ಕೊಟ್ಬಿಟ್ಲು."

ನಾನು ಅವನ ಮುಂದೆ ಹೋಗಿ ನಿಂತೆ. "ನೀನು ಬರೀಲಿಲ್ಲ ಯಾಕೆ ಅಂದ್ರೆ ನಿನಗೆ ಸಹಿ ಬಿಟ್ಟು ಇನ್ನೇನೂ ಬರೆಯೋಕೆ ಬರಲ್ಲ ಕಣೋ. ಮನೆಗೆ ಹೋಗು, ಪ್ಯಾಂಟ್ ಹರಿದಿದೆ." ನಿಜವಾಗಿಯೂ ಹರಿದಿತ್ತು. ಜನ ನಕ್ಕರು. ಯಾಸ್ನಾ ನಗಲಿಲ್ಲ. ನಿಬಾಲ್ಡೊ ಅವಳ ಭುಜದ ಮೇಲೆ ಕೈ ಇಟ್ಟ, ಒಂದು ಮಾತೂ ಆಡಲಿಲ್ಲ. ಆಡಬೇಕಿತ್ತು. ನನ್ನ ತಮ್ಮನಾದರೇನು, ಅವತ್ತು ಅವನ ಮೇಲೂ ನನಗೆ ಸಿಟ್ಟು ಬಂತು.

ತೀರ್ಮಾನ ಬಂದದ್ದು ಮಾರ್ಚ್‌ನಲ್ಲಿ, ಬೇಸಿಗೆ ಮುಗಿದ ಮೇಲೆ. ಹಾವೂ ಸಾಯಬಾರದು ಕೋಲೂ ಮುರಿಯಬಾರದು, ಅಂಥ ತೀರ್ಮಾನ. ದಾರಿ ಕಂಪನಿಯದೇ. ಆದರೆ ಕಂಪನಿ ದೊಡ್ಡ ಮನಸ್ಸು ಮಾಡಿ ಭಾನುವಾರ ಬೆಳಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಬಿಡುತ್ತದಂತೆ. ಡೇರೆ ಹಾಕುವಂತಿಲ್ಲ, ಬೆಂಕಿ ಹಚ್ಚುವಂತಿಲ್ಲ, ಪ್ರತಿಯೊಬ್ಬರೂ ಪುಸ್ತಕಕ್ಕೆ ಸಹಿ ಹಾಕಬೇಕು. ದೊಡ್ಡ ಮನಸ್ಸಂತೆ! ಕದ್ದವನು ಕದ್ದ ಕೋಳಿಯ ಪುಕ್ಕ ವಾಪಸ್ ಕೊಟ್ಟು ಉಪಕಾರ ಸ್ಮರಿಸು ಅಂದ ಹಾಗಾಯಿತು. ಬೆಂಕಿಯಿಲ್ಲದೆ ಬೂದಿಯೆಲ್ಲಿ, ಬೂದಿಯಿಲ್ಲದೆ ರೊಟ್ಟಿಯೆಲ್ಲಿ?

ಆ ಚಳಿಗಾಲ ಯಾಸ್ನಾಳಲ್ಲಿ ಒಂದು ಬದಲಾವಣೆ ಕಂಡೆ. ಮೊದಲು ಅದೇನೆಂದು ಹೊಳೆಯಲಿಲ್ಲ. ಆಮೇಲೆ ಅಮ್ಮ ಒಂದು ದಿನ ಒಲೆಯ ಮುಂದೆ ಕೂತು ಮಾತೆ ಎಂಬ ಎಲೆಯ ಕಷಾಯ ಕುಡಿಯುತ್ತ ನನ್ನ ಕಿವಿಯಲ್ಲಿ ಹೇಳಿದಳು: "ನೋಡ್ದೇನೇ? ಅವಳು ಸುಮ್ಮನೆ ಒಳಗೆ ಬರ್ತಾಳೆ. ಏನೂ ಕೇಳಲ್ಲ." ಹೌದು. ಅಡುಗೆಮನೆಗೆ ಬರುವಾಗ ಬರಲಾ ಎನ್ನುತ್ತಿರಲಿಲ್ಲ. ತಟ್ಟೆ ಕೊಟ್ಟರೆ ಧನ್ಯವಾದ ಎನ್ನುತ್ತಿರಲಿಲ್ಲ. ಹೊಸ ನೆರೆಯವರು ಅವಳನ್ನು ಒರಟು ಹೆಂಗಸು ಎಂದುಕೊಂಡರು. ಕಾರ್ಖಾನೆಯಲ್ಲಿ ಸಂಬಳದ ಚೀಟಿಗೆ ಸಹಿ ಹಾಕುವಾಗ ಹಿಂದೆ ಮುಂದೆ ತಿರುಗಿಸಿ ಎರಡು ಸಲ ಓದುತ್ತಿದ್ದಳಂತೆ, ಸಾಲಿನಲ್ಲಿ ಹಿಂದೆ ನಿಂತವರು ಬೈಯುತ್ತಿದ್ದರಂತೆ. ನಾನು ಒಮ್ಮೆ ಕೇಳಿಯೇಬಿಟ್ಟೆ.

"ಯಾಸ್ನಾ, ನಿನ್ನ ಮೇಲೆ ಯಾರಿಗೂ ಕೋಪ ಇಲ್ಲ ಕಣೇ."

"ಗೊತ್ತಕ್ಕಾ. ನನಗೆ ನನ್ನ ನಾಲಿಗೆ ಮೇಲೆ ಕೋಪ."

ಮತ್ತೆ ಜನವರಿ ಬಂತು. ಬೆಟ್ಟಕ್ಕೆ ಹೋಗುವುದೇ ಬೇಡ ಎಂದಳು ಯಾಸ್ನಾ. ಅಮ್ಮ ಕೇಳಲಿಲ್ಲ. "ನನಗೆ ಎಂಬತ್ತು. ಇನ್ನೆಷ್ಟು ಬೇಸಿಗೆ ಇದೆಯೋ, ನೀರಿಗೆ ಕಾಲ್ ಇಡ್ಬೇಕು" ಎಂದು ಹಟ ಹಿಡಿದಳು. ಯಾಸ್ನಾ ಬೆಳಗಿನ ಜಾವ ಎದ್ದು ಮನೆಯ ಒಲೆಯಲ್ಲೇ ಬ್ರೆಡ್ಡು ಬೇಯಿಸಿದಳು. ಕಂಬಳಿ ಹಿಡಿದು ಮೊದಲೇ ಹೋಗುವ ಮಾತೇ ಇರಲಿಲ್ಲ. ಲಾರಿಯಲ್ಲಿ ಎಲ್ಲರೂ ಒಟ್ಟಿಗೆ ಹೋದೆವು, ಒಂಬತ್ತು ಗಂಟೆಗೆ ಗೇಟಿನ ಮುಂದೆ ಇತರ ಗಾಡಿಗಳ ಹಿಂದೆ ಸಾಲು ನಿಂತೆವು. ಬಿಸಿಲು ಏರಿತ್ತು, ಕೆಂಪು ಹೊಟ್ಟೆಯ ದೊಡ್ಡ ನೊಣಗಳು ಆಗಲೇ ಕಚ್ಚಲು ಶುರು ಮಾಡಿದ್ದವು. ನಮ್ಮ ಸರದಿ ಬಂತು. ತೋಲೊ ಟೋಪಿ ತೆಗೆದು ಹೊಸ ಪುಸ್ತಕ ಚಾಚಿದ. ಯಾಸ್ನಾ ಲಾರಿಯಲ್ಲೇ ಕೂತು ಬೇರೆ ಕಡೆ ನೋಡುತ್ತಿದ್ದಳು. ನಿಬಾಲ್ಡೊ ಇಳಿದು ಪೆನ್ನು ಕೈಗೆ ತೆಗೆದುಕೊಂಡ.

ಅಷ್ಟರಲ್ಲಿ ಇಸಿದೋರಾ ನನ್ನ ತೊಡೆಯಿಂದ ಜಾರಿ ಇಳಿದು ಗೇಟಿನ ಕಡೆ ಓಡಿದಳು. ನಾಲ್ಕು ದಾಟಿದ ಮಗು, ನದಿಯ ಸದ್ದು ಕೇಳಿದ್ದೇ ಸಾಕು. ತೋಲೊ ದಾರಿಗೆ ಅಡ್ಡ ನಿಂತಿದ್ದ. ಅವಳು ಅವನ ಮುಂದೆ ನಿಂತು, ಕತ್ತೆತ್ತಿ, ನಮ್ಮೆಲ್ಲರಿಂದ ಕಲಿತದ್ದನ್ನು ಕೇಳಿದಳು.

"ಮಾವ, ನಾನು ಹೋಗ್ಲಾ?"

ಯಾಸ್ನಾ ಯಾವಾಗ ಇಳಿದಳೋ ತಿಳಿಯಲಿಲ್ಲ. ಮಗುವಿನ ತೋಳು ಹಿಡಿದೆಳೆದು ಕೈಮೇಲೆ ಫಟಾರನೆ ಒಂದು ಏಟು ಕೊಟ್ಟಳು. "ಕೇಳ್ಬೇಡ! ಯಾರನ್ನೂ ಕೇಳ್ಬೇಡ!" ಅವಳು ಮಗಳನ್ನು ಹೊಡೆದದ್ದು ಅದೇ ಮೊದಲು. ಮಗು ಅಳಲೂ ಮರೆತು ಅಮ್ಮನ ಮುಖ ನೋಡುತ್ತ ನಿಂತಿತು, ಆಮೇಲೆ ಬೆಟ್ಟ ಕೇಳುವಂತೆ ಅತ್ತಿತು. ಹಿಂದಿನ ಗಾಡಿಯವರು ಹಾರ್ನ್ ಒತ್ತುವುದನ್ನು ನಿಲ್ಲಿಸಿದರು. ತೋಲೊ ನೆಲ ನೋಡಿದ. ಆ ವಕೀಲ, ಆ ಅಧಿಕಾರಿ, ನಮ್ಮ ಮರಗಳ ಚಿತ್ರ ತೋರಿಸಿ ಜಮೀನು ಮಾರುವವರು, ಎಲ್ಲರನ್ನೂ ಎಳೆದು ತಂದು ಅಲ್ಲಿ ನಿಲ್ಲಿಸಬೇಕು ಅನಿಸಿತು ನನಗೆ. ದಾರಿ ಕಿತ್ತುಕೊಂಡದ್ದನ್ನು ಬೇಕಾದರೆ ಒಂದು ದಿನ ಮರೆತೇನು, ಇದನ್ನು ಮರೆಯಲಾರೆ.

ಅಮ್ಮ ಲಾರಿಯ ಮೇಲಿಂದ ಬಗ್ಗಿದಳು. "ಮಗು ಏನೇ ತಪ್ಪು ಮಾಡ್ತು?"

"ಏನೂ ಮಾಡಿಲ್ಲ ಅತ್ತೆ," ಎಂದಳು ಯಾಸ್ನಾ, ಮಗಳನ್ನು ಎತ್ತಿ ಎದೆಗೆ ಒತ್ತಿಕೊಂಡು. "ನಾನೂ ಏನೂ ಮಾಡಿರ್ಲಿಲ್ಲ."

ನನ್ನ ತಮ್ಮ ಪುಸ್ತಕ ಮುಚ್ಚಿ ತೋಲೊನ ಕೈಗಿಟ್ಟ. ಅಮ್ಮನ ಮುಖವನ್ನೊಮ್ಮೆ ನೋಡಿದ. ಮನೆಗೆ ನಡಿ ಎಂಬಂತೆ ಅವಳು ತಲೆಯಾಡಿಸಿದಳು. ಅವನು ಲಾರಿಯನ್ನು ಊರಿನ ಕಡೆಗೆ ತಿರುಗಿಸಿದ.